ಸ್ಕ್ರೂ ಅಕ್ಕನ ಮೂಗು

ನಮ್ಮ ಮನೆಗೆ ಯಾರೇ ನೆಂಟರು ಬರಲಿ, ಊಟದ ಮೇಜಿನ ಮುಂದೆ ಕುಳಿತ ಅಪ್ಪ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದ. "ನಮ್ಮ ಪುಟ್ಟಿ ಇದ್ದಾಳಲ್ಲ, ಮನೆಯವರೆಲ್ಲ ಉಂಡು ಕೈ ತೊಳೆಯೋವರೆಗೂ ಒಂದು ತುತ್ತು ಬಾಯಿಗಿಡೋಳಲ್ಲ. ಈ ಕಾಲದಲ್ಲಿ ಇಂಥೋರು ಎಲ್ಲಿ ಸಿಗ್ತಾರೆ?"

ನೆಂಟರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಪುಟ್ಟಿ ಎಂದರೆ ಅಪ್ಪನ ತಂಗಿ, ನನ್ನ ಅತ್ತೆ. ವಯಸ್ಸು ನಲವತ್ತು ದಾಟಿದ್ದರೂ ಅಪ್ಪನ ಬಾಯಲ್ಲಿ ಇನ್ನೂ ಪುಟ್ಟಿ. ಹೊಗಳಿಕೆ ಕಿವಿಗೆ ಬಿದ್ದ ಕೂಡಲೇ ಅವಳು ಅಡುಗೆಮನೆಗೆ ಹೋಗಿ, ಯಾವುದಾದರೂ ಪಾತ್ರೆಯ ಮುಚ್ಚಳವನ್ನು ತೆಗೆದು, ಒಳಗೇನಿದೆ ಎಂದೂ ನೋಡದೆ ಮತ್ತೆ ಮುಚ್ಚುತ್ತಿದ್ದಳು.

ಅತ್ತೆ ಹುಟ್ಟಿದಾಗ ಅವಳ ಮೇಲ್ತುಟಿ ಎಡಗಡೆ ಸೀಳಿತ್ತು. ಸೀಳು ತುಟಿಗೇ ನಿಲ್ಲದೆ ಮೂಗಿನ ಬುಡದವರೆಗೂ ಹೋಗಿತ್ತು. ನೋಡಲು ಬಂದ ಹೆಂಗಸರೆಲ್ಲ ಅಜ್ಜಿಯನ್ನು ಕೇಳಿದ್ದು ಒಂದೇ: "ಬಸುರೀಲಿ ಕತ್ತರಿ ಹಿಡಿದಿದ್ಯಾ?" ಹಿಡಿದಿದ್ದಳು, ಯಾವಾಗಲೋ ಒಮ್ಮೆ, ಗುಂಡಿ ಹೊಲಿದು ದಾರ ಕತ್ತರಿಸುವುದಕ್ಕೆ. ಅದನ್ನೇ ನೆನೆದುಕೊಂಡು ಅಜ್ಜಿ ಬಾಣಂತನವಿಡೀ ಅತ್ತಳಂತೆ. ಅಜ್ಜನೋ ದರ್ಜಿ. ಬೆಳಗಿನಿಂದ ಸಂಜೆಯವರೆಗೆ ಕತ್ತರಿ ಹಿಡಿದೇ ಇರುತ್ತಿದ್ದವನು. ಅವನನ್ನು ಯಾರೂ ಏನೂ ಕೇಳಲಿಲ್ಲ.

ತುಟಿಯನ್ನು ಆಸ್ಪತ್ರೆಯವರು ಕೂಸಾಗಿದ್ದಾಗಲೇ ಹೊಲಿದರು. ಮೂಗನ್ನು ಮಾತ್ರ ಬಿಟ್ಟರು. ಮುಖದ ಮೂಳೆ ಬೆಳೆದು ನಿಲ್ಲಲಿ, ಹುಡುಗಿ ದೊಡ್ಡವಳಾದ ಮೇಲೆ ಕರೆತನ್ನಿ, ಆಗ ಸರಿಮಾಡಿಕೊಡುತ್ತೇವೆ ಎಂದರು. ಎಡಗಡೆಯ ಹೊಳ್ಳೆ ಚಪ್ಪಟೆಯಾಗಿ ಕೆನ್ನೆಗೆ ಒರಗಿಕೊಂಡಿತ್ತು. ಒಳಗಿನ ನಡುಗೋಡೆ ಡೊಂಕಾಗಿದ್ದರಿಂದ ಎರಡು ಕಡೆಯೂ ದಾರಿ ಇಕ್ಕಟ್ಟು. ಹಾಗಾಗಿ ಅತ್ತೆ ಉಸಿರಾಡುತ್ತಿದ್ದುದು ಬಾಯಲ್ಲಿ.

ದೊಡ್ಡವಳಾದಳು. ಆ ವರ್ಷವೇ ಅಜ್ಜ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ. ಅವನನ್ನು ಎತ್ತಿ ಕೂರಿಸಲು, ಒರೆಸಲು, ಮಗ್ಗುಲು ಬದಲಾಯಿಸಲು ಒಬ್ಬರು ಬೇಕಿತ್ತು. ಮಗ ಓದುತ್ತಿದ್ದ, ಮಗಳು 'ಸುಮ್ಮನೆ ಮನೆಯಲ್ಲಿ' ಇದ್ದಳು. ಅಜ್ಜ ಹೋದ ಮೇಲೆ ಅಪ್ಪನ ಮದುವೆ. ಮದುವೆಯಾದ ಮೇಲೆ ನಾನು. ನನ್ನ ಹಿಂದೆಯೇ ಅಜ್ಜಿಯ ಮೊಣಕಾಲು. ಪ್ರತಿ ಸಲವೂ "ಇದೊಂದು ಮುಗೀಲಿ, ಆಮೇಲೆ ನಿನ್ನ ಮೂಗೇ" ಎನ್ನುತ್ತಿದ್ದರು. ಮೂಗಿಗೆ ತುಪ್ಪ ಸವರುವುದು ಎಂಬ ಮಾತಿಗೆ ನಮ್ಮ ಮನೆಗಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ. ಗಂಡು ನೋಡುವ ಮಾತೆತ್ತಿದರೆ "ಮೊದಲು ಮೂಗು ಸರಿಯಾಗ್ಲಿ" ಎನ್ನುವರು. ಮೂಗಿನ ಮಾತೆತ್ತಿದರೆ "ಮದುವೆ ಗೊತ್ತಾಗ್ಲಿ, ಈಗಲೇ ಯಾಕೆ?" ಎನ್ನುವರು. ಈ ಎರಡು ಮಾತುಗಳ ನಡುವೆ ಮನೆಗೆ ಸಂಬಳವಿಲ್ಲದ ಎರಡು ಕೈಗಳು ಸಿಕ್ಕವು. ಇದನ್ನು ಯಾರೂ ಕೂತು ಹೂಡಿದ್ದಲ್ಲ. ಎಲ್ಲರೂ ಅವಳನ್ನು ಪ್ರೀತಿಸುವವರೇ. ಪ್ರೀತಿಸುವವರಿಗೂ ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ.

ನಾನು ಶಾಲೆಗೆ ಹೋಗತೊಡಗಿದ ಮೇಲೆ ಅತ್ತೆಗೆ ಹಗಲು ಸ್ವಲ್ಪ ಬಿಡುವಾಯಿತು. ಅವಳು ಮುಂದಿನ ಬೀದಿಯ ಕನ್ನಡಕದಂಗಡಿಯಲ್ಲಿ ಕೆಲಸ ಹಿಡಿದಳು. ಅಂಗಡಿಯ ತುಂಬ ಕನ್ನಡಿ. ಗೋಡೆಗೆ, ಕಂಬಕ್ಕೆ, ಗಲ್ಲಾದ ಮೇಲೆ, ಕೊನೆಗೆ ಗಿರಾಕಿಗಳ ಕೈಯಲ್ಲೂ ಹಿಡಿ ಇರುವ ಒಂದು ಪುಟ್ಟ ಕನ್ನಡಿ. ಯಜಮಾನರು ಅವಳನ್ನು ಹಿಂದುಗಡೆ, ಅರ್ಧ ಪರದೆಯ ಮರೆಯ ಬೆಂಚಿನಲ್ಲಿ ಕೂರಿಸಿದರು. "ಗಿರಾಕಿಗಳು ಮುಖ ನೋಡ್ಕೊಳ್ಳೋ ಜಾಗ ಇದು, ನೀವು ತಪ್ಪು ತಿಳ್ಕೋಬಾರದು" ಎಂದರಂತೆ. "ತಪ್ಪೇನು, ಹಿಂದೆ ಫ್ಯಾನ್ ಇದೆ" ಎಂದಳಂತೆ ಇವಳು.

ಆ ಬೆಂಚು ಅವಳ ರಾಜ್ಯವಾಯಿತು. ಎಳ್ಳಿನ ಗಾತ್ರದ ಸ್ಕ್ರೂಗಳ ಡಬ್ಬಿ, ಮೂತಿ ಚೂಪಾದ ಇಕ್ಕಳ, ಫ್ರೇಮು ಮೆತ್ತಗಾಗುವಂತೆ ಬಿಸಿಗಾಳಿ ಊದುವ ಒಂದು ಯಂತ್ರ. ಸಡಿಲವಾದ ಕೀಲನ್ನು ಬಿಗಿ ಮಾಡುವಳು, ಕಿವಿಯ ಹಿಂದಿನ ಬಾಗನ್ನು ತಿದ್ದುವಳು, ಮೂಗಿನ ಮೇಲೆ ಕೂರುವ ಪುಟ್ಟ ಪ್ಯಾಡುಗಳನ್ನು ಒಂದು ಕೂದಲಿನಷ್ಟು ಒಳಗೆ, ಒಂದು ಕೂದಲಿನಷ್ಟು ಹೊರಗೆ ಸರಿಸುವಳು. ಅಂಗಡಿಯವರು ಅವಳನ್ನು ಸ್ಕ್ರೂ ಅಕ್ಕ ಎಂದರು. ಬೀದಿಯವರೂ ಹಾಗೇ ಕರೆದರು. ಊರಿನವರ ಮೂಗುಗಳೆಲ್ಲ ಅವಳಿಗೆ ಪರಿಚಯ.

"ಎಲ್ಲರ ಮೂಗೂ ಡೊಂಕೇ ಮರಿ" ಎಂದು ನನಗೆ ಹೇಳುವಳು. "ಪ್ಯಾಡ್ ಕೂರಿಸೋಳಿಗೆ ಗೊತ್ತಾಗತ್ತೆ. ನಂದು ಕಾಣತ್ತೆ, ಅಷ್ಟೇ."

ಸೋಂಕಿನ ಕಾಲದಲ್ಲಿ ಊರಿಗೆ ಊರೇ ಮೂಗು ಬಾಯಿ ಮುಚ್ಚಿಕೊಂಡು ಓಡಾಡಿತಲ್ಲ, ಆಗ ಯಜಮಾನರು ಅವಳನ್ನು ಮುಂದಿನ ಗಲ್ಲಾಕ್ಕೆ ಕರೆದರು. ಮಾಸ್ಕಿನ ಮೇಲೆ ಅವಳ ಎರಡು ಕಣ್ಣು ನೋಡಿ ಗಿರಾಕಿಗಳು "ಈ ಅಕ್ಕ ಇಷ್ಟು ದಿನ ಎಲ್ಲಿದ್ರು?" ಎಂದು ಕೇಳಿದರು. ಮಾಸ್ಕು ಹೋದ ಮೇಲೆ ಅವಳೂ ಪರದೆಯ ಹಿಂದೆ ಹೋದಳು. ಬೇಜಾರಾಯ್ತಾ ಎಂದು ಕೇಳಿದ್ದಕ್ಕೆ, "ಮುಂದೆ ನಿಂತೂ ನಿಂತೂ ಕಾಲು ನೋವು ಬರ್ತಿತ್ತು" ಎಂದಳು. ಅದು ನಿಜವೂ ಇರಬಹುದು, ಅವಳ ಮಾತಿನಲ್ಲಿ ಯಾವುದು ಸಮಾಧಾನ ಯಾವುದು ತಮಾಷೆ ಎಂದು ಬಿಡಿಸುವುದು ಕಷ್ಟ.

ಆಮೇಲೆ ಅವಳ ಕಣ್ಣಿಗೇ ಚಾಳೀಸು ಬಂತು. ಎಲ್ಲರಿಗೂ ಬರುವುದೇ, ಕನ್ನಡಕ ಹಾಕಿಕೊಂಡರೆ ಆಯಿತು. ಆದರೆ ಅತ್ತೆಗೆ ಕನ್ನಡಕ ಕೂರಲಿಲ್ಲ. ಎಡಗಡೆ ಆಸರೆಯೇ ಇಲ್ಲದ್ದರಿಂದ ಯಾವ ಫ್ರೇಮು ಹಾಕಿದರೂ ವಾಲಿಕೊಂಡು ಕೆನ್ನೆಗೆ ಜಾರುತ್ತಿತ್ತು. ಪ್ಯಾಡಿಗೆ ಹತ್ತಿ ಸುತ್ತಿದಳು, ರಬ್ಬರ್ ಅಂಟಿಸಿದಳು, ತಲೆಯ ಹಿಂದೆ ದಾರ ಕಟ್ಟಿದಳು. ಬಗ್ಗಿ ಕೆಲಸ ಮಾಡುವಾಗ ಬಾಯಿಂದ ಬಿಟ್ಟ ಉಸಿರು ಮೇಲೇರಿ ಗಾಜು ಮಂಜಾಗುತ್ತಿತ್ತು. ಒಂದು ದಿನ ಸ್ಕ್ರೂ ಓರೆಯಾಗಿ ಹೊಕ್ಕು ಒಬ್ಬರ ಹೊಸ ಫ್ರೇಮಿನ ಕೀಲು ಸೀಳಿತು. ಇನ್ನೊಂದು ದಿನ ಗಾಜು ಒಡೆಯಿತು.

ಯಜಮಾನರು ಪರದೆ ಸರಿಸಿ ನಿಂತರು. "ಸ್ಕ್ರೂ ಅಕ್ಕಾ, ಹೀಗಾದ್ರೆ ಬೆಂಚಿಗೆ ಬೇರೆಯವರನ್ನ ನೋಡಬೇಕಾಗತ್ತೆ. ನಿಮ್ಮನ್ನ ಬಿಡಲ್ಲ. ನೆಲ ಒರೆಸೋದು, ಡಬ್ಬಿ ಕಟ್ಟೋದು ನೋಡ್ಕೊಳ್ಳಿ."

"ನೆಲ ಮನೇಲೂ ಇದೆ ಸಾರ್" ಎಂದಳು ಅತ್ತೆ. "ನನಗೆ ಒಂದಿಷ್ಟು ದಿನ ಕೊಡಿ."

ಮರುದಿನವೇ ನನ್ನನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಸಣ್ಣ ದೀಪ ಹಿಡಿದು ಹೊಳ್ಳೆಗಳನ್ನು ನೋಡಿ, ತುಟಿಯ ಹಳೆಯ ಹೊಲಿಗೆಯ ಮೇಲೆ ಬೆರಳಾಡಿಸಿ, "ಇದನ್ನ ಯಾವತ್ತೋ ಮಾಡಬೇಕಿತ್ತು. ಇಷ್ಟು ವರ್ಷ ಎಲ್ಲಿದ್ರಿ?" ಎಂದರು.

"ಅಡುಗೆಮನೇಲಿ" ಎಂದಳು ಅತ್ತೆ.

ಡಾಕ್ಟರಮ್ಮ ನಕ್ಕರು. ಪಕ್ಕೆಲುಬಿನಿಂದ ಒಂದು ತುಂಡು ಮೆದುಮೂಳೆ ತೆಗೆದು ಎಡಗಡೆಗೆ ಆಸರೆ ಕೊಡಬೇಕು, ಒಳಗಿನ ಗೋಡೆಯನ್ನು ನೇರ ಮಾಡಬೇಕು ಎಂದು ವಿವರಿಸಿದರು. ಅತ್ತೆ ಕೇಳಿದ್ದು, "ಕನ್ನಡಕ ಕೂರತ್ತಾ?"

"ಕೂರತ್ತೆ. ಉಸಿರಾಟವೂ ಸಲೀಸಾಗತ್ತೆ. ನೋಡೋಕೂ ವ್ಯತ್ಯಾಸ ಆಗತ್ತೆ, ಆದ್ರೆ ತಿದ್ದಿ ತೀಡಿದ ಹಾಗೆ ಆಗತ್ತೆ ಅಂತ ಮಾತು ಕೊಡಲ್ಲ."

ದಿನ ಗೊತ್ತಾಯಿತು. ಬಾಗಿಲವರೆಗೆ ಬಂದವಳು ನನ್ನನ್ನು ಅಲ್ಲೇ ನಿಲ್ಲಿಸಿ ಮತ್ತೆ ಒಳಗೆ ಹೋಗಿ ಏನೋ ಮೆಲ್ಲಗೆ ಕೇಳಿ ಬಂದಳು. "ಏನತ್ತೆ?" ಎಂದೆ. "ಏನಿಲ್ಲ, ನಡಿ" ಎಂದಳು. ದಾರಿಯುದ್ದಕ್ಕೂ ಅವಳ ಮುಖ ಹಬ್ಬಕ್ಕೆ ಹೊರಟ ಮಗುವಿನ ಹಾಗಿತ್ತು.

ಮನೆಯಲ್ಲಿ ವಿಷಯ ಹೇಳಿದ್ದು ಊಟದ ಹೊತ್ತಿಗೆ. ಅಪ್ಪ, ಅಜ್ಜಿ, ನಾನು ಮೇಜಿನ ಮುಂದೆ ಕೂತಿದ್ದೆವು. ಅಮ್ಮ ನೀರು ತುಂಬುತ್ತಿದ್ದಳು, ಅತ್ತೆ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು.

"ಈ ವಯಸ್ಸಲ್ಲಾ?" ಎಂದ ಅಪ್ಪ. "ಯಾರಿಗೆ ತೋರಿಸಬೇಕೇ ಪುಟ್ಟಿ? ನಿನ್ನ ಮೂಗಿನ ಬಗ್ಗೆ ನಾವು ಯಾವತ್ತಾದ್ರೂ ಒಂದು ಮಾತು ಆಡಿದೀವಾ?"

"ತೋರಿಸೋಕಲ್ಲ ಅಣ್ಣ. ಕನ್ನಡಕಕ್ಕೆ."

"ಆ ವಾರವೇ ನಮ್ಮ ಮ್ಯಾನೇಜರನ್ನ ಊಟಕ್ಕೆ ಕರೆದಿದೀನಲ್ಲ. ಬರೋರು ಆರು ಜನ. ಮುಂದಿನ ತಿಂಗಳಿಗೆ ಹಾಕ್ಸಿದ್ರಾಯ್ತು."

"ಬೆಂಚು ಅಲ್ಲೀವರೆಗೆ ಕಾಯಲ್ಲ."

"ನನ್ನ ಸ್ನಾನಕ್ಕೆ ಯಾರು ಕೈ ಕೊಡ್ತಾರೆ ಮಗೂ?" ಎಂದಳು ಅಜ್ಜಿ. ಹೇಳಿದ ಮೇಲೆ ತನಗೇ ನಾಚಿಕೆಯಾಗಿ, "ಹೋಗಿ ಬಾ, ಹೋಗಿ ಬಾ. ನಾನು ಹೇಗೋ ಒಂದಿಷ್ಟು ದಿನ ಹಾಗೇ ಇರ್ತೀನಿ" ಎಂದು ಸೇರಿಸಿದಳು. ಅದು ಇನ್ನೂ ಕಷ್ಟದ ಮಾತಾಯಿತು.

ಅಪ್ಪ ಅನ್ನ ಕಲಸುತ್ತ ತೀರ್ಪು ಕೊಟ್ಟ. "ಕೆಲಸ ಹೋದ್ರೆ ಹೋಗ್ಲಿ ಬಿಡೆ. ನಿನ್ನ ದುಡಿಮೆಯಿಂದ ಈ ಮನೆ ನಡೀಬೇಕಾ? ಆರಾಮಾಗಿ ಮನೇಲಿರು."

ಆರಾಮ ಎಂಬ ಮಾತಿಗೆ ಅಮ್ಮ ತಲೆಯೆತ್ತಿದಳು. ಲೋಟ ತುಂಬಿ ನೀರು ಮೇಜಿನ ಮೇಲೆ ಹರಿಯಿತು. ಅತ್ತೆ ಒರೆಸುವ ಬಟ್ಟೆ ತಂದು ನೀರು ಒರೆಸಿ, "ಆಯ್ತು ಬಿಡಣ್ಣ. ನಾಳೆ ಫೋನ್ ಮಾಡಿ ಬೇಡ ಅಂತ ಹೇಳ್ತೀನಿ" ಎಂದಳು.

ಅಪ್ಪ ಟಿ.ವಿ. ಮುಂದೆ ಹೋದ. ಅಜ್ಜಿ ಮಲಗಿದಳು. ನಾನು ಅಡುಗೆಮನೆಯ ಬಾಗಿಲ ಬಳಿ ತಟ್ಟೆಗಳನ್ನು ಜೋಡಿಸುತ್ತಿದ್ದೆ. ಒಳಗೆ ದಿನವೂ ನಡೆಯುವ ಮಾತುಕತೆ ಶುರುವಾಯಿತು. ಹುಟ್ಟಿದಾಗಿನಿಂದ ಅದನ್ನು ಕೇಳಿ ಕೇಳಿ ಅದು ನನಗೆ ನಲ್ಲಿಯ ಸದ್ದಿನಂತಾಗಿತ್ತು.

"ನೀವು ಕೂತ್ಕೊಳ್ಳಿ ಅತ್ತಿಗೆ."

"ಇಲ್ಲ, ನೀನು ಕೂತ್ಕೋ."

"ನನಗೆ ಇನ್ನೂ ಹಸಿವಿಲ್ಲ."

"ನನಗೂ ಇಲ್ಲ."

ಮುಂದೆ ಏನಾಗುತ್ತದೆ ಎಂದೂ ಗೊತ್ತಿತ್ತು. ಅತ್ತೆ ಒಲೆ ಒರೆಸುತ್ತಾಳೆ, ಒರೆಸಿದ್ದನ್ನೇ ಒರೆಸುತ್ತಾಳೆ. ಅಮ್ಮ ಸೋತು, ನಿಂತುಕೊಂಡೇ ನಾಲ್ಕು ತುತ್ತು ನುಂಗಿ ಹೋಗುತ್ತಾಳೆ. ಆಮೇಲೆ ಅತ್ತೆ ಒಬ್ಬಳೇ ಗೋಡೆಗೆ ಮುಖ ಮಾಡಿ ಕೂತು ತಣ್ಣಗಾದ ಅನ್ನ ತಿನ್ನುತ್ತಾಳೆ. ಅವತ್ತು ಮಾತ್ರ ಅಮ್ಮ ಸೋಲಲಿಲ್ಲ. ಅವಳ ತಲೆಯಲ್ಲಿ 'ಆರಾಮ' ಇನ್ನೂ ಕುದಿಯುತ್ತಿತ್ತು, ಅದು ಉಕ್ಕಿದ್ದು ಅತ್ತೆಯ ಮೇಲೆ.

"ಸಾಕು ಮಾಡೇ ನಿನ್ನ ತ್ಯಾಗಾನ! ನಾನು ಈ ಮನೆಗೆ ಬಂದಾಗಿಂದ ಬಿಸಿ ಅನ್ನ ತಿಂದಿಲ್ಲ, ಗೊತ್ತಾ? ಆಫೀಸಿಂದ ಬಂದು ಹೊಟ್ಟೆ ಚುರುಗುಟ್ತಿರತ್ತೆ. ನೀನು ಕೂರಲ್ಲ. ನಾದಿನಿ ಹಸಿದು ನಿಂತಿರೋವಾಗ ಅತ್ತಿಗೆ ಕೂತು ಉಂಡಳು ಅಂತ ನಿಮ್ಮಣ್ಣ ನೆಂಟರ ಮುಂದೆ ಹಾಡಬೇಕಾ? ಅದಕ್ಕೇ ನಾನೂ ನಿಲ್ತೀನಿ. ನೀನು ದೇವತೆ, ನಾನು ಹೊಟ್ಟೆಬಾಕಿ!"

ಅತ್ತೆ ಒರೆಸುವುದನ್ನು ನಿಲ್ಲಿಸಿದಳು. "ನೀವು ನನಗೋಸ್ಕರ ಕಾಯ್ತಿದ್ರಾ?"

"ಇನ್ಯಾರಿಗೆ?"

"ಅಯ್ಯೋ ಅತ್ತಿಗೆ, ನಾನು ನೀವು ಯಾವಾಗ ಉಂಡು ಹೋಗ್ತೀರೋ ಅಂತ ಕಾಯ್ತಿದ್ದೆ."

ಅಮ್ಮ ಬಾಯಿ ತೆರೆದು ನೋಡಿದಳು.

"ನನಗೆ ಬಾಯಿ ಮುಚ್ಚಿ ಅಗಿಯೋಕಾಗಲ್ಲ" ಎಂದಳು ಅತ್ತೆ, ಬಟ್ಟೆಯನ್ನು ಹಿಂಡುತ್ತ. "ಮುಚ್ಚಿದ್ರೆ ಉಸಿರು ಕಟ್ಟತ್ತೆ. ತೆರೆದ್ರೆ ಸದ್ದಾಗತ್ತೆ. ಸಣ್ಣವಳಿದ್ದಾಗ ನಮ್ಮಪ್ಪ ಒಂದು ಸಲ, ಎಮ್ಮೆ ಮೆಲುಕು ಹಾಕಿದ ಹಾಗೆ ಕೇಳತ್ತೆ, ತಟ್ಟೆ ಎತ್ಕೊಂಡು ಒಳಗೆ ಹೋಗು ಅಂದ್ರು. ಎತ್ಕೊಂಡು ಬಂದೆ. ಬಂದವಳು ಬಂದೇ ಬಿಟ್ಟೆ. ಆಮೇಲೆ ಅಣ್ಣ ಎಲ್ಲರ ಹತ್ರ ಹೊಗಳೋಕೆ ಶುರು ಮಾಡ್ದ, ಎಲ್ಲರಿಗೂ ಬಡಿಸಿ ಉಣ್ತಾಳೆ ಅಂತ. ಹೊಗಳಿದ ಮೇಲೆ ಇಲ್ಲ ಅನ್ನೋದು ಹೇಗೆ? ಡಾಕ್ಟರಮ್ಮನ ಹತ್ರ ಕನ್ನಡಕದ ಮಾತಾದ ಮೇಲೆ ವಾಪಸ್ ಹೋಗಿ ಕೇಳಿದ್ದು ಅದನ್ನೇ. ಬಾಯಿ ಮುಚ್ಕೊಂಡು ಊಟ ಮಾಡಬಹುದಾ ಅಂತ."

"ಏನಂದ್ರು?"

"ಮಾಡಬಹುದು ಅಂದ್ರು."

ಅಮ್ಮನ ಮುಖ ಒಂದು ಕ್ಷಣ ಹೇಗೆ ಹೇಗೋ ಆಯಿತು. ಆಮೇಲೆ ಅವಳು ನಗಲು ತೊಡಗಿದಳು. ಕಟ್ಟೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ನಾನು ನಿನಗೆ ಕಾಯೋದು, ನೀನು ನನಗೆ ಕಾಯೋದು, ಅನ್ನ ನಮ್ಮಿಬ್ಬರಿಗೂ ಕಾದು ಕಾದು ಹಳಸೋದು! ಥೂ ನಮ್ಮ ಬುದ್ಧಿಗಿಷ್ಟು!" ಅತ್ತೆಯೂ ನಕ್ಕಳು. ನಕ್ಕರೆ ಅವಳಿಗೆ ಉಸಿರು ಸಾಲದೆ ಕೆಮ್ಮು ಬರುತ್ತದೆ. ಕೆಮ್ಮುತ್ತಲೇ ನಕ್ಕಳು. ಸದ್ದು ಕೇಳಿ ಅಪ್ಪ "ಏನ್ರೇ ಅದು?" ಎಂದು ಕೂಗಿದ.

ಅಮ್ಮ ಕಣ್ಣೊರೆಸಿಕೊಂಡು ಹೋಗಿ ಟಿ.ವಿ.ಗೂ ಅಪ್ಪನಿಗೂ ನಡುವೆ ನಿಂತಳು. "ಫೋನ್ ಮಾಡೋದಿದೆ."

"ಆಸ್ಪತ್ರೆಗಾ? ಬೆಳಗ್ಗೆ ಮಾಡ್ತಾಳೆ ಬಿಡು."

"ಆಸ್ಪತ್ರೆಗಲ್ಲ, ನಿಮ್ಮ ಮ್ಯಾನೇಜರಿಗೆ. ಊಟ ಮುಂದಿನ ತಿಂಗಳು ಅಂತ ಹೇಳಿ."

"ಅದು ಹೇಗಾಗತ್ತೆ?"

"ಮೂಗನ್ನ ಇಷ್ಟು ವರ್ಷ ಮುಂದೆ ಹಾಕಿದ್ದು ಹೇಗಾಯ್ತೋ ಹಾಗೆ."

ಅಪ್ಪ ನನ್ನ ಕಡೆ ನೋಡಿದ. ನಾನು ತಟ್ಟೆಗಳನ್ನು ನೋಡಿದೆ.

ಆಪರೇಷನ್ ಆಯಿತು. ಅಮ್ಮ ರಜೆ ಹಾಕಿ ಆಸ್ಪತ್ರೆಯಲ್ಲಿ ಉಳಿದಳು. ಮನೆ ಅಪ್ಪನಿಗೂ ನನಗೂ ಅಜ್ಜಿಗೂ ಬಿತ್ತು. ಮೊದಲ ಬೆಳಿಗ್ಗೆಯೇ ಅಪ್ಪ ಅಡುಗೆಮನೆಯ ನಡುವೆ ನಿಂತು "ಉಪ್ಪೆಲ್ಲಿದೆ?" ಎಂದು ಕೇಳಿದ. ಅವನು ಹುಟ್ಟಿ ಬೆಳೆದ ಮನೆ. ಅಜ್ಜಿ ಕುರ್ಚಿಯಲ್ಲಿ ಕೂತು ತರಕಾರಿ ಹೆಚ್ಚಿದಳು. ಚಾಕು ಹಿಡಿದು ಎಷ್ಟು ಕಾಲವಾಗಿತ್ತೋ, ಚೂರುಗಳು ಮಾತ್ರ ಒಂದೇ ಅಳತೆಗೆ ಬಿದ್ದವು. "ಕೈ ಮರೆತಿಲ್ಲ ನೋಡು" ಎಂದು ಹಿಗ್ಗಿದಳು. ನಾನು ಸ್ನಾನಕ್ಕೆ ಕೈ ಕೊಟ್ಟೆ, ಬೆನ್ನು ತಿಕ್ಕಿದೆ. "ನಿಮ್ಮತ್ತೆ ಇಷ್ಟು ಜೋರಾಗಿ ತಿಕ್ಕಲ್ಲ" ಎಂದಳು. ಅಪ್ಪ ಮಾಡಿದ ಅನ್ನವನ್ನು ಮೂವರೂ ಚಮಚದಲ್ಲಿ ಕುಡಿದೆವು. "ಇವಳು ಇದನ್ನೆಲ್ಲ ಮುಗಿಸಿ ಅಂಗಡಿಗೂ ಹೋಗ್ತಿದ್ಲಾ?" ಎಂದು ಅಪ್ಪ ಕೇಳಿದ್ದು ನನ್ನನ್ನಲ್ಲ, ಪಾತ್ರೆ ತೊಳೆಯುವ ತೊಟ್ಟಿಯನ್ನು.

ಅತ್ತೆ ಮನೆಗೆ ಬಂದಾಗ ಕಣ್ಣಿನ ಸುತ್ತ ನೀಲಿ, ಮೂಗಿನ ಮೇಲೆ ಪಟ್ಟಿ, ಪಕ್ಕೆ ನೋವು. ಬಾವು ಇಳಿಯಲು ಬಹಳ ಕಾಲ ಹಿಡಿಯಿತು. ಇಳಿದ ಮೇಲೂ ಮೂಗು ಬೊಂಬೆಯ ಮೂಗಿನ ಹಾಗೇನೂ ಆಗಲಿಲ್ಲ. ಎಡಗಡೆ ಎದ್ದು ನಿಂತಿತು, ಆದರೆ ಬಲಗಡೆಯ ಜೋಡಿಯಲ್ಲ. ಅವಳಿಗೆ ಅದರ ಚಿಂತೆಯಿರಲಿಲ್ಲ. ಪಟ್ಟಿ ಬಿಚ್ಚಿ ಒಳಗಿನ ಗಾಯ ಮಾಗಿದ ಮೇಲೆ ಮೊದಲ ಸಲ ಅಡುಗೆಮನೆಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅತ್ತಿಗೇ, ಈ ಒರೆಸೋ ಬಟ್ಟೆ ಇಷ್ಟು ವರ್ಷ ಹೀಗೇ ನಾರ್ತಿತ್ತಾ?"

"ಹ್ಞೂಂ, ಮತ್ತೆ?"

"ಯಾರಾದ್ರೂ ಹೇಳಬಾರದಿತ್ತಾ!" ಎಂದು ಅದನ್ನು ಎರಡು ಬೆರಳಲ್ಲಿ ಹಿಡಿದು ಕಸದ ಬುಟ್ಟಿಗೆ ಹಾಕಿದಳು. ಅವತ್ತು ಮನೆಯ ಮೂಲೆ ಮೂಲೆಯನ್ನೂ ಮೂಸಿ ನೋಡಿದಳು. ಅಪ್ಪನ ಬೂಟಿನ ಹತ್ತಿರ ಹೋಗಿ ಬಂದು, "ಕೆಲವಕ್ಕೆ ಹಳೇ ಮೂಗೇ ಒಳ್ಳೇದಿತ್ತು" ಎಂದಳು.

ಕನ್ನಡಕವನ್ನು ತನ್ನ ಬೆಂಚಿನಲ್ಲೇ ತಾನೇ ಕೂರಿಸಿಕೊಂಡಳು. ಅಂಗಡಿಯಲ್ಲಿ ಅವಳು ಕನ್ನಡಿ ಕೇಳಿ ತರಿಸಿಕೊಂಡದ್ದು ಅದೇ ಮೊದಲಂತೆ. ಎಡಗಡೆಯ ಪ್ಯಾಡನ್ನು ಒಂದು ಕೂದಲಿನಷ್ಟು ಹೊರಗೆ ಸರಿಸಿ, ತಲೆ ಕೊಡವಿ ನೋಡಿದಳು. ಜಾರಲಿಲ್ಲ. ಯಜಮಾನರು "ಈಗ ಬೇಕಾದ್ರೆ ಮುಂದೆ ಬಂದು ಕೂರಬಹುದು" ಎಂದರು. ಅತ್ತೆ "ನಾನು ಇಲ್ಲೇ ಇರ್ತೀನಿ, ಆ ಪರದೆ ತೆಗೆಸಿ ಸಾರ್, ಬೆಳಕು ಸಾಲಲ್ಲ" ಎಂದಳು. ಪರದೆ ಹೋಯಿತು.

ಮುಂದೆ ಹಾಕಿದ ಮ್ಯಾನೇಜರ ಊಟವೂ ಕೊನೆಗೆ ಬಂತು. ಅಡುಗೆಯನ್ನು ಅಮ್ಮ, ಅತ್ತೆ ಮಾಡಿದರು. ಅಪ್ಪ ಅಕ್ಕಿ ತೊಳೆದುಕೊಟ್ಟು ಅದನ್ನು ಎಲ್ಲರಿಗೂ ಹೇಳಿದ. ಬಡಿಸುವ ಹೊತ್ತಾಯಿತು. ಅತ್ತೆ ಎಲ್ಲವನ್ನೂ ತಂದು ಮೇಜಿನ ನಡುವೆ ಇಟ್ಟಳು. ಕೈ ಒರೆಸಿಕೊಂಡಳು. ಒಂದು ಗಳಿಗೆ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅಮ್ಮ ತನ್ನ ಪಕ್ಕದ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು. ಅತ್ತೆ ಕೂತಳು. ತಟ್ಟೆಗೆ ಬಿಸಿ ಅನ್ನ ಹಾಕಿಕೊಂಡು ಮೊದಲ ತುತ್ತು ಬಾಯಿಗಿಟ್ಟು, ತುಟಿ ಮುಚ್ಚಿದಳು. ಹಳೆಯ ಹೊಲಿಗೆಯ ಗೆರೆ ನೇರವಾಗಿ ನಿಂತಿತು. ನಾನು ಕಿವಿ ಕೊಟ್ಟು ಕೇಳಿದೆ, ಸದ್ದೇ ಇಲ್ಲ.

ಅಪ್ಪ ಅಭ್ಯಾಸಬಲದಿಂದ ಶುರು ಮಾಡಿದ: "ನಮ್ಮ ಪುಟ್ಟಿ ಇದ್ದಾಳಲ್ಲ ಸಾರ್, ಮನೆಯವರೆಲ್ಲ ಉಂಡು..." ಅಷ್ಟರಲ್ಲಿ ಎದುರಿಗೆ ಅತ್ತೆ ಅಗಿಯುತ್ತಿರುವುದು ಕಂಡಿತು. ಮಾತು ಅಲ್ಲೇ ನಿಂತಿತು.

"ಉಂಡು?" ಎಂದರು ಮ್ಯಾನೇಜರು.

ಅಪ್ಪ ಅಮ್ಮನನ್ನು ನೋಡಿದ. ಅಮ್ಮನ ಬಾಯಿ ತುಂಬಿತ್ತು. ಅತ್ತೆ ಅವಸರವಿಲ್ಲದೆ ಅಗಿದು ನುಂಗಿ, ನೀರು ಕುಡಿದು, "ಅಣ್ಣ, ಅವರ ತಟ್ಟೆ ಖಾಲಿಯಾಗಿದೆ ನೋಡು" ಎಂದಳು.

ಅಪ್ಪ ಎದ್ದು ಸೌಟು ಹಿಡಿದ. ಅತ್ತೆ ಇನ್ನೊಂದು ತುತ್ತಿಗೆ ತಲೆ ಬಗ್ಗಿಸಿದಳು. ಬಿಸಿ ಅನ್ನದ ಹಬೆಗೆ ಗಾಜು ಮಂಜಾಯಿತು, ಆದರೆ ಕನ್ನಡಕ ಕದಲಲಿಲ್ಲ.